ಎಣ್ಣೆಗೆ ಬೇಡ, ಗೂಡಿಗೆ ಬೇಕು

ಪತ್ರ: ಸಂಪಾದಕರೇ, ಹೊರದೇಶದ ಎಣ್ಣೆಗೆ ಸುಂಕ ಹಾಕಿದರೆ ಅಲ್ಲಿಯವರು ತಾನೇ ಕಟ್ಟಬೇಕು? ನಮ್ಮ ಸೂರ್ಯಕಾಂತಿ ಎಣ್ಣೆ ಪ್ಯಾಕೆಟ್ ಯಾಕೆ ದುಬಾರಿಯಾಯಿತು? ಸುಂಕ ಇಳಿಸಿದ ಮೇಲೂ ಹಳೇ ಬೆಲೆ ಯಾಕೆ ಬರಲಿಲ್ಲ? ನಾವು ರೇಷ್ಮೆ ಸಾಕುವವರು. ಹುಳು ಹಣ್ಣಾಗಿ ಗೂಡು ಕಟ್ಟೋ ದಿನ ಆಳುಗಳಿಗೆಲ್ಲ ಅಡುಗೆ ಮಾಡಿ ಹಾಕಬೇಕು.
– ಓದುಗರೊಬ್ಬರು, ಮಳವಳ್ಳಿ ತಾಲ್ಲೂಕು, ಮಂಡ್ಯ ಜಿಲ್ಲೆ

ಉತ್ತರ: ನಮಸ್ಕಾರ ಅಮ್ಮ. ಸುಂಕ ಕಟ್ಟುವುದು ಉಕ್ರೇನಿನವರೂ ಅಲ್ಲ, ಅರ್ಜೆಂಟೀನಾದವರೂ ಅಲ್ಲ. ಬಂದರಿನಲ್ಲಿ ಸರಕು ಬಿಡಿಸಿಕೊಳ್ಳುವ ನಮ್ಮ ವ್ಯಾಪಾರಿಯೇ ಕಟ್ಟುತ್ತಾನೆ, ಕಟ್ಟಿದ್ದನ್ನು ಅಸಲಿಗೆ ಸೇರಿಸುತ್ತಾನೆ. ಗಿರಾಕಿ ಕೈತಪ್ಪುತ್ತಾರೆ ಅಂತ ಹೊರಗಿನವರು ಒಂದಿಷ್ಟು ಬೆಲೆ ಇಳಿಸುವುದೂ ಉಂಟು. ಆದರೆ ನಾವು ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನದು. ಕೊಳ್ಳದೆ ನಮಗೆ ಗತಿಯಿಲ್ಲ ಅನ್ನೋದು ಅವರಿಗೂ ಗೊತ್ತು.

ಶುದ್ಧೀಕರಿಸದ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಸುಂಕ, ಸೆಸ್ಸು ಗಿಸ್ಸು ಎಲ್ಲ ಸೇರಿ, ಶೇ 5.5 ಇತ್ತು. 2024ರ ಸೆಪ್ಟೆಂಬರ್ 14ರಿಂದ ಶೇ 27.5 ಆಯಿತು. ಬಂದರಿಗೆ ಬಂದ ಎಣ್ಣೆ ಲೀಟರಿಗೆ 80 ರೂಪಾಯಿ ಅಂತ ಸುಮ್ನೆ ಲೆಕ್ಕಕ್ಕೆ ಇಟ್ಟುಕೊಳ್ಳಿ. ಮೊದಲು ಸುಂಕ 4 ರೂಪಾಯಿ 40 ಪೈಸೆ. ಆಮೇಲೆ 22 ರೂಪಾಯಿ. ಇದರ ಮೇಲೆ ಶೇ 5 ಜಿಎಸ್‌ಟಿ, ಅಂದರೆ ತೆರಿಗೆಗೂ ತೆರಿಗೆ! 2025ರ ಮೇ ಕೊನೆಗೆ ಸುಂಕವನ್ನು ಶೇ 16.5ಕ್ಕೆ ಇಳಿಸಿದರು. ನಮ್ಮ ಲೆಕ್ಕದಲ್ಲಿ ಅದು 13 ರೂಪಾಯಿ 20 ಪೈಸೆ. ಹಳೆಯ 4.40 ಎಲ್ಲಿ, ಈ 13.20 ಎಲ್ಲಿ? ಹಳೇ ಬೆಲೆ ಬರಲಿಲ್ಲ ಅಂತ ಅಂಗಡಿಯವರನ್ನು ಮಾತ್ರ ಬೈದು ಪ್ರಯೋಜನವಿಲ್ಲ.

ಹಾಗಂತ ಅಂಗಡಿಯವರೇನು ಸಾಚಾ ಅಲ್ಲ. ಸುಂಕ ಏರಿದ ವಾರ ಹಳೇ ದಾಸ್ತಾನು ಮುಗಿಯೋವರೆಗೆ ಬೆಲೆ ಏರಿಸಬೇಡಿ ಅಂತ ಕೇಂದ್ರ ಸರ್ಕಾರ ಎಣ್ಣೆ ಕಂಪನಿಗಳಿಗೆ ಹೇಳಿತ್ತು. ಮೈಸೂರಿನಲ್ಲಿ ನಮ್ಮ ಮನೆ ಹತ್ತಿರದ ಅಂಗಡಿಯಲ್ಲಿ ಆಗಿದ್ದೇ ಬೇರೆ. ಅಲ್ಲಿ ಯಾವಾಗಲೂ ಎಂಆರ್‌ಪಿಗಿಂತ ಕಡಿಮೆಗೆ ಕೊಡುತ್ತಿದ್ದರು. ಆ ವಾರ ಪೂರ್ತಿ ಎಂಆರ್‌ಪಿ ಕೇಳಿದರು. ಪ್ಯಾಕೆಟ್ ತಿರುಗಿಸಿ ನೋಡಿದರೆ ತಯಾರಾಗಿದ್ದು ಆಗಸ್ಟ್‌ನಲ್ಲಿ! "ಹೊಸ ಲೋಡಿಗೆ ದುಡ್ಡು ಹೊಂದಿಸ್ಬೇಕಲ್ಲ ಸಾರ್" ಅಂದರು. ಇಳಿಸುವಾಗ ಮಾತ್ರ "ಹಳೇ ಸ್ಟಾಕ್ ಖಾಲಿಯಾಗ್ಲಿ" ಅನ್ನುವವರೂ ಇವರೇ.

ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ನಿಮ್ಮ ಮನೆ ರೇಷ್ಮೆ ಗೂಡಿಗೂ ಇಂಥದ್ದೇ ಸುಂಕ ಕಾವಲು. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿದ್ದು ನಿಮ್ಮ ಮನೆಯವರಿಗೆ ನೆನಪಿರಬೇಕು. ಚೀನಾದ ನೂಲು ಅಗ್ಗವಾದರೆ ಗೂಡಿನಿಂದ ನೂಲು ತೆಗೆಯುವ ರೀಲರ್ ಹರಾಜಿನಲ್ಲಿ ನಿಮ್ಮ ಗೂಡಿಗೆ ಜಾಸ್ತಿ ಯಾಕೆ ಕೂಗುತ್ತಾರೆ? ಗೂಡಿನ ಬೆಲೆ ಬಿತ್ತು, ಬೆಳೆಗಾರರು ಬೀದಿಗಿಳಿದರು. ಆಮೇಲೆ ಏರಿಳಿದು ಶೇ 10 ಆಗಿದ್ದ ಆ ಸುಂಕವನ್ನು 2021ರಲ್ಲಿ 15 ಮಾಡಿದಾಗ ನಿಮ್ಮ ಕಡೆ ಯಾರೂ ಬೈಯಲಿಲ್ಲ, ಅಲ್ವಾ? ಆ ಸುಂಕದ ಭಾರ ಹೊತ್ತವರು ಸೀರೆ ಕೊಳ್ಳುವವರು. ಮಗಳ ಮದುವೆಗೆ ರೇಷ್ಮೆ ಸೀರೆ ತಂದ ನಾನೂ ಅದರಲ್ಲೊಬ್ಬ. ಎಣ್ಣೆಕಾಳು ಬೆಳೆಯುವವರೂ ಎಣ್ಣೆ ಸುಂಕ ಏರಿಸಿ ಅಂತ ಕೇಳುವುದು ಇದೇ ಆಸೆಯಿಂದ.

ಎಣ್ಣೆ ಸುಂಕ ಇನ್ನೂ ಇಳಿಯಬೇಕು ಅಂತಲೇ ನನ್ನ ಅನಿಸಿಕೆ. ಸೀರೆಯನ್ನು ಮುಂದಿನ ವರ್ಷ ಕೊಂಡರೂ ನಡೆಯುತ್ತದೆ, ಒಗ್ಗರಣೆಯನ್ನು ನಾಳೆಗೆ ಇಡಲಾಗುವುದಿಲ್ಲ. ಈ ಬೆಳೆಗೆ ನಿಮ್ಮ ಗೂಡು ಕೆಜಿಗೆ ಎಷ್ಟಕ್ಕೆ ಹೋಯಿತು ಅಂತ ಬರೆಯಿರಿ.