ಅಪೀಲಿನ ಗಡುವು ದಾಟಿದೆ, ಧಾರವಾಡ ಹೈಕೋರ್ಟಿಗೆ ಹೋಗಲೇ?

ಪ್ರಶ್ನೆ: ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿ ವ್ಯಾಪಾರ ನಮ್ಮದು. ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವುದು) ಜಾಸ್ತಿ ತಗೊಂಡಿದ್ದೀರಿ ಎಂದು 4 ಲಕ್ಷ ರೂಪಾಯಿ ತೆರಿಗೆ, ಮೇಲೆ ಬಡ್ಡಿ, ದಂಡ ಹಾಕಿದ ಆದೇಶ ಮಾರ್ಚ್ 10ಕ್ಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಬಂದಿದೆ. ನನಗೆ ಗೊತ್ತಾಗಿದ್ದು ಜೂನ್ 17ಕ್ಕೆ. ಅಪೀಲಿನ ಟೈಮ್ ಮುಗೀತು, ಸೀದಾ ಧಾರವಾಡ ಹೈಕೋರ್ಟಿಗೆ ಹೋಗಿ ಅಂತಾರೆ. ಸರಿಯೇ?

ಉತ್ತರ: ಈಗಲೇ ಬೇಡ. ನಿಮಗೆ ಇನ್ನೂ ದಾರಿ ಇದೆ.

ಜಿಎಸ್‌ಟಿ ಕಾಯ್ದೆಯ 107ನೇ ಕಲಂ ಪ್ರಕಾರ ಆದೇಶ ತಲುಪಿದ ದಿನದಿಂದ ಮೂರು ತಿಂಗಳೊಳಗೆ ಅಪೀಲು ಹಾಕಬೇಕು. ಪೋರ್ಟಲ್‌ಗೆ ಹಾಕಿದರೂ ತಲುಪಿಸಿದಂತೆಯೇ, ನೀವು ತೆರೆದು ನೋಡಿದ ದಿನ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ನಿಮ್ಮ ಗಡುವು ಜೂನ್ 10ಕ್ಕೇ ಮುಗಿದಿದೆ, ನಿಜ. ಆದರೆ ತಡವಾಗಿದ್ದಕ್ಕೆ ಸರಿಯಾದ ಕಾರಣ ತೋರಿಸಿದರೆ ಅಪೀಲು ಅಧಿಕಾರಿ ಇನ್ನೊಂದು ತಿಂಗಳು ಮನ್ನಿಸಬಹುದು. ಅಂದರೆ ಜುಲೈ 10. ಅದರ ಮೇಲೆ ಒಂದು ದಿನವನ್ನೂ ಮನ್ನಿಸುವ ಅಧಿಕಾರ ಅವರಿಗಿಲ್ಲ.

ಅಧಿಕಾರಿಯ ಆದೇಶದ ವಿರುದ್ಧ ಸೀದಾ ಹೈಕೋರ್ಟಿಗೆ ಹಾಕುವ ರಿಟ್ ಅರ್ಜಿಗೆ ಇಂತಿಷ್ಟೇ ದಿನ ಅಂತಿಲ್ಲ, ಅದಕ್ಕೇ ಜನ ಅದನ್ನು ನೆಚ್ಚಿಕೊಳ್ಳುತ್ತಾರೆ. ಆದರೆ ಅಪೀಲಿನ ಕೊನೆಯ ಗಡುವನ್ನೂ ಬಿಟ್ಟು ಬಂದವರಿಗೆ ರಿಟ್‌ನಲ್ಲಿ ಸುಮ್ನೆ ಅವಕಾಶ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಆಂಧ್ರದ ವ್ಯಾಟ್ (ಜಿಎಸ್‌ಟಿಗೆ ಮೊದಲಿದ್ದ ಮಾರಾಟ ತೆರಿಗೆ) ಪ್ರಕರಣವೊಂದರಲ್ಲಿ ಹೇಳಿದೆ. ನೋಟಿಸೇ ಕೊಡದೆ, ನಿಮ್ಮ ಮಾತು ಕೇಳದೆ ಆದೇಶ ಮಾಡಿದ್ದರೆ ವಿಷಯ ಬೇರೆ. ಬರೀ ಲೆಕ್ಕದ ತಕರಾರಿಗೆ ಅಪೀಲೇ ಸರಿ.

ತಡಕ್ಕೆ ಕಾರಣ ಬರೆಯುವಾಗ ‘ನೋಡಲಿಲ್ಲ’ ಎಂದು ಒಂದೇ ಸಾಲು ಬರೆದು ಬಿಡಬೇಡಿ. ಪೋರ್ಟಲ್ ಯಾರು ನೋಡುತ್ತಿದ್ದರು, ಅವರು ನಿಮಗೆ ಯಾವತ್ತು ತಿಳಿಸಿದರು ಎಂಬುದನ್ನು ತಾರೀಖಿನ ಸಮೇತ ಬರೆಯಿರಿ. ವಾಟ್ಸ್ಯಾಪ್ ಮೆಸೇಜ್ ಇದ್ದರೆ ಅದರ ಪ್ರಿಂಟ್ ಲಗತ್ತಿಸಿ, ಆಡಿಟರ್ ಕಡೆಯಿಂದ ಒಂದು ಪ್ರಮಾಣಪತ್ರವನ್ನೂ (ಅಫಿಡವಿಟ್) ಮಾಡಿಸಿ. ಆಗ ಮಾತಿಗೆ ತೂಕ ಬರುತ್ತದೆ.

ತಕರಾರಿರುವ ತೆರಿಗೆಯ ಶೇ 10ರಷ್ಟು ಮೊದಲೇ ಕಟ್ಟಬೇಕು. ಪೂರ್ತಿ 4 ಲಕ್ಷಕ್ಕೂ ನಿಮ್ಮ ತಕರಾರಿದ್ದರೆ 40,000 ರೂಪಾಯಿ. ಬಡ್ಡಿ, ದಂಡ ಸೇರಿಸಿ ಲೆಕ್ಕ ಹಾಕಬೇಡಿ. ಒಪ್ಪಿಕೊಳ್ಳುವ ಭಾಗವಿದ್ದರೆ ಮಾತ್ರ ಅದನ್ನು ಪೂರ್ತಿ ಕಟ್ಟಬೇಕು. ಇಷ್ಟು ಕಟ್ಟಿ ಅಪೀಲು ಹಾಕಿದರೆ ಉಳಿದ ಹಣದ ವಸೂಲಿಗೆ ತಡೆ ಸಿಗುತ್ತದೆ.

ಮೂರು ತಿಂಗಳು ದಾಟಿರುವುದರಿಂದ ವಸೂಲಿ ಯಾವಾಗ ಬೇಕಾದರೂ ಶುರುವಾಗಬಹುದು. ಬ್ಯಾಂಕ್ ಖಾತೆಗೆ ಕೈ ಹಾಕಿದರೆ ಸೀಸನ್‌ನಲ್ಲಿ ರೈತರಿಗೆ ದುಡ್ಡು ಕೊಡುವುದೇ ಕಷ್ಟ, ಅಲ್ವಾ? ಜುಲೈ 10ರವರೆಗೆ ಕಾಯದೆ ಈ ವಾರವೇ ಪೋರ್ಟಲ್‌ನಲ್ಲಿ ಅಪೀಲು ಹಾಕಿ. ಅದರ ಸ್ವೀಕೃತಿ, ಹಣ ಕಟ್ಟಿದ ಚಲನ್ ಎರಡರ ಪ್ರತಿಯನ್ನೂ ಆದೇಶ ಮಾಡಿದ ಅಧಿಕಾರಿಯ ಕಚೇರಿಗೆ ಕೊಟ್ಟು, ಸೀಲು ಹಾಕಿಸಿಕೊಂಡು ಬನ್ನಿ.