ಪುಟ್ಟಪ್ಪನವರು ಚಿಕ್ಕಪ್ಪನವರಾದರೆ?

ಪ್ರಶ್ನೆ: ನಮ್ಮೂರ ಶಾಲೆಯ ಸ್ಮರಣ ಸಂಚಿಕೆ ತಿದ್ದುತ್ತಿದ್ದೇನೆ. ‘ಪುಟ್ಟ’, ‘ಹೊಸ’ ಎಂಬ ಪದಗಳು ಸಾಲುಸಾಲಿಗೂ ಬಂದು ಬೇಸರವಾಗಿ, ಕಂಪ್ಯೂಟರಿನಲ್ಲಿ ಒಂದೇ ಸಲಕ್ಕೆ ‘ಚಿಕ್ಕ’, ‘ನೂತನ’ ಎಂದು ಬದಲಿಸಿದೆ. ಈಗ ಕೆ.ವಿ. ಪುಟ್ಟಪ್ಪನವರು ಕೆ.ವಿ. ಚಿಕ್ಕಪ್ಪನವರಾಗಿದ್ದಾರೆ, ಹೊಸಪೇಟೆ ನೂತನಪೇಟೆಯಾಗಿದೆ! ಹೆಸರುಗಳನ್ನು ಮುಟ್ಟದೆ ಪದ ಬದಲಿಸುವುದು ಹೇಗೆ?

ಉತ್ತರ: ಅಚ್ಚಿಗೆ ಹೋಗುವ ಮೊದಲೇ ಕಣ್ಣಿಗೆ ಬಿತ್ತಲ್ಲ, ಪುಣ್ಯ. ಆದರೆ ಗಾಬರಿಯಲ್ಲಿ ‘ಚಿಕ್ಕ’ವನ್ನೆಲ್ಲ ಮತ್ತೆ ‘ಪುಟ್ಟ’ ಮಾಡಲು ಹೋಗಬೇಡಿ, ಚಿಕ್ಕಮಗಳೂರು ಪುಟ್ಟಮಗಳೂರಾದೀತು. ಮೂಲ ಪ್ರತಿ ಇಟ್ಟುಕೊಂಡಿದ್ದರೆ ಅದರಿಂದಲೇ ಶುರುಮಾಡಿ.

ಇಂಗ್ಲಿಷಿನಲ್ಲಿ ಹೆಸರು ದೊಡ್ಡಕ್ಷರದಿಂದ ಶುರುವಾಗುತ್ತದೆ. ನಮ್ಮಲ್ಲಿ ಅಂಕಿತನಾಮಕ್ಕೆ ಅಂಥ ಗುರುತಿಲ್ಲ. ಕಂಪ್ಯೂಟರಿಗೆ ‘ಹೊಸ ಬಟ್ಟೆ’ಯ ಹೊಸವೂ ಒಂದೇ, ಹೊಸದುರ್ಗದ ಹೊಸವೂ ಒಂದೇ. ಅಷ್ಟೇ ಅಲ್ಲ, ‘ಹೊಸ್ತಿಲು’ ಏನಾಗಿದೆ ಒಮ್ಮೆ ಹುಡುಕಿ ನೋಡಿ. ‘ನೂತನ್ತಿಲು’ ಸಿಕ್ಕರೆ ಆಶ್ಚರ್ಯಪಡಬೇಡಿ. ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಯೂನಿಕೋಡ್ ಪದ್ಧತಿಯಲ್ಲಿ ‘ಸ್’ ಎಂದರೆ ‘ಸ’ ಅಕ್ಷರ, ಅದರ ನಂತರ ಸ್ವರವಿಲ್ಲವೆಂದು ತೋರಿಸುವ ಒಂದು ಗುರುತು. ಹಾಗಾಗಿ ಹೊಸ್ತಿಲಿನೊಳಗೂ ಒಂದು ‘ಹೊಸ’ ಅಡಗಿ ಕೂತಿರುತ್ತದೆ.

‘ಇಡೀ ಪದ ಮಾತ್ರ’ ಎಂಬ ಆಯ್ಕೆ ಹಾಕಿದರೆ ಇಷ್ಟು ಅನಾಹುತವಾಗದು. ಆದರೆ ‘ಹೊಸದು’, ‘ಪುಟ್ಟದಾದ’ ಇವೆಲ್ಲ ತಪ್ಪಿಸಿಕೊಳ್ಳುತ್ತವೆ. ಬಿಡಿಸಿ ಬರೆದ ‘ಹೊಸ ದೆಹಲಿ’ಯಂತೂ ಉಳಿಯುವುದಿಲ್ಲ.

ನಾನು ಮಾಡುವುದು ಹೀಗೆ. ಮೊದಲು ಕಡತ ಓದಿ ಹೆಸರುಗಳನ್ನು ಪಟ್ಟಿ ಮಾಡಿಕೊಳ್ಳುತ್ತೇನೆ. ವ್ಯಕ್ತಿ, ಊರು ಮಾತ್ರವಲ್ಲ, ಬಿರುದು, ಯೋಜನೆಗಳೂ ಅದರಲ್ಲಿರಬೇಕು. ‘ಗೃಹ’ವನ್ನು ‘ಮನೆ’ ಮಾಡಿದವರು ಗೃಹಲಕ್ಷ್ಮಿಯನ್ನು ಮನೆಲಕ್ಷ್ಮಿ ಮಾಡಿಬಿಡುತ್ತಾರೆ. ಆಮೇಲೆ ಪ್ರತಿ ಹೆಸರಿನ ಜಾಗಕ್ಕೆ ಒಂದು ಸಂಕೇತ: ಹೊಸಪೇಟೆಗೆ @@01@@, ಪುಟ್ಟಪ್ಪಗೆ @@02@@. ವಿಭಕ್ತಿ ಪ್ರತ್ಯಯ ಹೊರಗೇ ಇರಲಿ. ‘ಹೊಸಪೇಟೆಯಲ್ಲಿ’ ಎಂಬುದು ‘@@01@@ಯಲ್ಲಿ’ ಆಗುತ್ತದೆ, ತಿರುಗಿ ಹಾಕುವಾಗ ತಾನಾಗಿ ಕೂಡಿಕೊಳ್ಳುತ್ತದೆ. ಸಂಕೇತದ ಎರಡೂ ತುದಿಗೆ ಚಿಹ್ನೆ ಇರಲೇಬೇಕು. ಬರೀ @@1 ಎಂದಿಟ್ಟರೆ @@10 ಬಂದಾಗ ಅದೂ ಇದರ ಬಾಯಿಗೆ ಬೀಳುತ್ತದೆ. ಪದಗಳನ್ನೆಲ್ಲ ಬದಲಿಸಿದ ಮೇಲೆ ಹೆಸರುಗಳನ್ನು ಅವವುಗಳ ಜಾಗಕ್ಕೆ ತನ್ನಿ.

ಹೆಸರು ಉಳಿದರೂ ವ್ಯಾಕರಣ ಕೈಕೊಡಬಹುದು. ‘ಮನೆ’ಯನ್ನು ‘ಗೃಹ’ ಮಾಡಿದರೆ ‘ಮನೆಯಲ್ಲಿ’ ಇದ್ದದ್ದು ‘ಗೃಹಯಲ್ಲಿ’ ಆಗುತ್ತದೆ, ಬೇಕಾದದ್ದು ‘ಗೃಹದಲ್ಲಿ’. ‘ಕಾಡು’ ಹುಡುಕಿದರೆ ‘ಕಾಡಿನಲ್ಲಿ’ ಸಿಗುವುದೇ ಇಲ್ಲ. ಆದ್ದರಿಂದ ‘ಎಲ್ಲ ಬದಲಿಸು’ ಗುಂಡಿ ಬಿಟ್ಟು ಒಂದೊಂದೇ ನೋಡಿ ಬದಲಿಸುವುದು ವಾಸಿ; ಸ್ಮರಣ ಸಂಚಿಕೆಗೆ ಒಂದು ಮಧ್ಯಾಹ್ನ ಸಾಕು.

ಇನ್ನೊಂದು ಮಾತು, ನೀವು ಕೇಳದಿದ್ದರೂ. ‘ಪುಟ್ಟ ಕೈ’ ಅಂದಾಗಿನ ಅಕ್ಕರೆ ‘ಚಿಕ್ಕ ಕೈ’ಯಲ್ಲಿ ಇಲ್ಲ. ‘ಹೊಸ ಚಪ್ಪಲಿ’ಯನ್ನು ‘ನೂತನ ಚಪ್ಪಲಿ’ ಅಂದರೆ ಮಕ್ಕಳು ನಕ್ಕಾರು. ಪದ ಹೆಚ್ಚಾಯಿತು ಅನ್ನಿಸಿದ ಕಡೆ ಅರ್ಧದಷ್ಟನ್ನು ಸುಮ್ಮನೆ ಹೊಡೆದುಹಾಕಿ.