ದಡದಲ್ಲಿ ನಿಂತೇ ರಿಪ್ ಕರೆಂಟ್ ಗುರುತಿಸುವುದು ಹೇಗೆ?

ಈಜುಕೊಳದಲ್ಲಿ ಚೆನ್ನಾಗಿ ಈಜುತ್ತೀರಿ, ಸಮುದ್ರ ಹೊಸದು. ದಡದಿಂದ ಹೊರಗೆಳೆಯುವ ಸೆಳೆತ, ಅಂದರೆ ರಿಪ್ ಕರೆಂಟ್, ಎಲ್ಲಿದೆ ಅಂತ ಮೊದಲೇ ತಿಳಿಯಬಹುದೇ, ಸಿಕ್ಕಿಕೊಂಡರೆ ಏನು ಮಾಡಬೇಕು ಎಂದು ಕೇಳಿದ್ದೀರಿ. ಬಹುಮಟ್ಟಿಗೆ ತಿಳಿಯಬಹುದು. ನಾನು ಮೊದಲು ಹೇಳುವುದು ಇಷ್ಟೇ: ಅಲೆಗಳ ನಡುವೆ ಶಾಂತವಾಗಿ ಕಾಣುವ ಜಾಗವನ್ನೇ ಅನುಮಾನಿಸಿ.

ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗಲೇಬೇಕಲ್ಲ? ನೀರಿನಡಿಯ ಮರಳುದಿಬ್ಬಗಳ ನಡುವೆ ತಗ್ಗು ಇದ್ದಲ್ಲಿ ಅದು ಒಟ್ಟುಗೂಡಿ ಹೊರಕ್ಕೆ ನುಗ್ಗುತ್ತದೆ. ಆಳ ಹೆಚ್ಚಿರುವುದರಿಂದ ಅಲ್ಲಿ ಅಲೆ ಒಡೆಯುವುದು ಕಡಿಮೆ. ಎಡಕ್ಕೂ ಬಲಕ್ಕೂ ಬಿಳಿ ನೊರೆ ಏಳುತ್ತಿದ್ದು, ನಡುವಿನ ಒಂದು ಪಟ್ಟಿ ಮಾತ್ರ ಕಪ್ಪಾಗಿ, ನೊರೆಯಿಲ್ಲದೆ ಕಂಡರೆ ಸೆಳೆತ ಅಲ್ಲೇ ಇರುವ ಸಾಧ್ಯತೆ ಹೆಚ್ಚು. ಬೇಸರದ ಸಂಗತಿಯೆಂದರೆ, ಮಕ್ಕಳನ್ನು ಇಳಿಸಲು ಒಳ್ಳೆಯ ಜಾಗವೆಂದು ಎಷ್ಟೋ ಜನ ಆರಿಸುವುದೂ ಅದನ್ನೇ.

ಇಳಿಯುವ ಮುಂಚೆ ಎತ್ತರದ ಜಾಗದಿಂದ ಹತ್ತು ನಿಮಿಷ ನೋಡಿ. ದೊಡ್ಡ ಅಲೆಗಳು ಗುಂಪಾಗಿ ಬಂದು ಹೋಗುತ್ತವೆ, ಆಮೇಲೆ ಸ್ವಲ್ಪ ಹೊತ್ತು ಸಮುದ್ರ ತಣ್ಣಗಿರುತ್ತದೆ. ಆ ಬಿಡುವಿನಲ್ಲಿ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ನೊರೆ, ಪಾಚಿ, ಕಸ ಯಾವ ಕಡೆ ತೇಲುತ್ತಿದೆ ಗಮನಿಸಿ. ಸುತ್ತಲಿನದು ದಡಕ್ಕೆ ಬರುತ್ತಿದ್ದು ಒಂದು ಕಡೆ ಮಾತ್ರ ಹೊರಗೆ ಹೋಗುತ್ತಿದ್ದರೆ ಸಂಶಯವೇ ಬೇಡ. ಅಲೆಸಾಲಿನ ಆಚೆ ಕದಡಿದ ಮರಳುನೀರು ಹರಡಿಕೊಂಡಿರುವುದೂ ಗುರುತೇ. ಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದರೆ ಪೋಲರೈಸ್ಡ್ ಕನ್ನಡಕ ತುಂಬಾ ಸಹಾಯ ಮಾಡುತ್ತದೆ. ಬಂಡೆ, ಜೆಟ್ಟಿ, ತಡೆಗೋಡೆಗಳ ಪಕ್ಕ ಇಳಿಯಲೇಬೇಡಿ. ಸಮುದ್ರದ ನೀರು ಇಳಿದಿರುವ (ಇಳಿತದ) ಹೊತ್ತಿನಲ್ಲಿ ಸೆಳೆತ ಸಾಮಾನ್ಯವಾಗಿ ಬಿರುಸು.

ಕೆಲವು ಸೆಳೆತಗಳು ಯಾವ ಗುರುತೂ ಇಲ್ಲದೆ ಹುಟ್ಟಿ ಸ್ವಲ್ಪ ಹೊತ್ತಿನಲ್ಲೇ ಅಡಗುತ್ತವೆ. ಅದಕ್ಕೇ ಲೈಫ್‌ಗಾರ್ಡ್ ಇರುವ ಕಡೆ, ಕೆಂಪು-ಹಳದಿ ಬಾವುಟಗಳ ನಡುವೆಯೇ ಈಜಿ. ಬರೀ ಕೆಂಪು ಬಾವುಟ ಕಂಡರೆ ಇಳಿಯುವುದು ಬೇಡ.

ಸಿಕ್ಕಿಕೊಂಡರೆ ನೆನಪಿರಲಿ, ಅದು ನಿಮ್ಮನ್ನು ಹೊರಗೆ ಒಯ್ಯುತ್ತದೆ, ಕೆಳಗೆ ಎಳೆಯುವುದಿಲ್ಲ. ಜನ ಹೆಚ್ಚಾಗಿ ಮುಳುಗುವುದು ಅದರ ಎದುರು ಈಜಿ ಸುಸ್ತಾಗಿ. 100 ಮೀಟರ್ ಅನ್ನು ಒಂದು ನಿಮಿಷದಲ್ಲಿ ಮುಗಿಸುವ ಪಳಗಿದ ಈಜುಗಾರರ ವೇಗ ಸೆಕೆಂಡಿಗೆ ಸುಮಾರು 1.7 ಮೀಟರ್, ಬಲವಾದ ಸೆಳೆತ 2 ಮೀಟರ್ ದಾಟುತ್ತದೆ. ಹಾಗಾಗಿ ಮೊದಲು ಅಂಗಾತ ಮಲಗಿ ತೇಲಿ, ಉಸಿರು ಹತೋಟಿಗೆ ಬರಲಿ. ಒಂದು ಕೈ ಎತ್ತಿ ಬೀಸಿ, ಕೂಗಿ. ದಡದ ಮೇಲಿನ ಮರವನ್ನೋ ಕಟ್ಟಡವನ್ನೋ ಗುರುತಿಟ್ಟುಕೊಂಡರೆ ಯಾವ ಕಡೆ ಹೋಗುತ್ತಿದ್ದೀರಿ ಅಂತ ತಿಳಿಯುತ್ತದೆ. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ, ಅಲೆ ಒಡೆದು ನೊರೆ ಏಳುತ್ತಿರುವ ಕಡೆಗೆ ಈಜಿ. ಆ ದಿಕ್ಕಿನಲ್ಲೂ ಮುಂದೆ ಸಾಗಲಾಗದಿದ್ದರೆ ಸೆಳೆತ ಓರೆಯಾಗಿ ಹರಿಯುತ್ತಿರಬಹುದು. ಹಟ ಮಾಡದೆ, ದಡಕ್ಕೆ ಸಮಾನಾಂತರವಾಗಿಯೇ ಇನ್ನೊಂದು ಬದಿಗೆ ತಿರುಗಿ. ಹೊರಬಂದ ಮೇಲೆ ಅಲೆಗಳ ಜೊತೆ ಓರೆಯಾಗಿ ದಡ ಸೇರಿ. ಈಜಲು ಆಗದಿದ್ದರೆ ತೇಲುತ್ತಲೇ ಇರಿ. ಅಲೆಸಾಲು ದಾಟಿದ ಮೇಲೆ ಸೆಳೆತ ಸಾಮಾನ್ಯವಾಗಿ ಬಲ ಕಳೆದುಕೊಳ್ಳುತ್ತದೆ. ಕೆಲವು ಸೆಳೆತಗಳು ಸುತ್ತು ಹಾಕಿ ಮರಳುದಿಬ್ಬದ ಕಡೆಗೇ ಮರಳಿ ತರುತ್ತವೆ.

ಬೇರೆಯವರು ಸಿಕ್ಕಿಕೊಂಡಿದ್ದರೆ ಬರಿಗೈಯಲ್ಲಿ ಧುಮುಕಬೇಡಿ. ಕಾಪಾಡಲು ಹೋದವರೇ ಮುಳುಗಿದ ಘಟನೆಗಳು ಅನೇಕ ಸಮುದ್ರತೀರಗಳಲ್ಲಿ ನಡೆದಿವೆ. ಟ್ಯೂಬ್, ಬಾಡಿಬೋರ್ಡ್, ಮುಚ್ಚಳ ಬಿಗಿದ ಖಾಲಿ ಕ್ಯಾನ್, ತೇಲುವಂಥದ್ದು ಏನಿದ್ದರೂ ಎಸೆಯಿರಿ. ಒಬ್ಬರು ಸಹಾಯ ಕರೆಯಲು ಓಡಲಿ. ಇನ್ನೊಬ್ಬರು ಆ ವ್ಯಕ್ತಿಯಿಂದ ಕಣ್ಣು ಕೀಳದೆ ಬೆರಳು ತೋರಿಸುತ್ತಲೇ ನಿಲ್ಲಲಿ, ಅಲೆಗಳ ಮಧ್ಯೆ ಒಮ್ಮೆ ತಪ್ಪಿದ ತಲೆಯನ್ನು ಮತ್ತೆ ಹುಡುಕುವುದು ಬಹಳ ಕಷ್ಟ.